‘ಸತ್ತಿದ್ದೇನೆ, ಆದರೂ ಎನೇಬಲ್ಡ್’

ಬೆಂಗಳೂರಿನ ಹೊರವರ್ತುಲ ರಸ್ತೆಯ ಕಂಪನಿಯೊಂದರ ಖಾಸಗಿ ಕ್ಲೌಡ್. ಓಪನ್‌ಸ್ಟ್ಯಾಕ್ ಎಂಬ ತಂತ್ರಾಂಶದ ಮೇಲೆ ನಡೆಯುತ್ತದೆ. ಅದರಲ್ಲಿ ಡಿಸ್ಕ್ ಹಂಚುವ ಖಾತೆಯ ಹೆಸರು ಸಿಂಡರ್. ಸಿಂಡರ್‌ನ ಸರ್ವೀಸ್ ಪಟ್ಟಿ ತೆಗೆದರೆ ಒಂದಿಷ್ಟು ಸಾಲುಗಳು ‘ಅಪ್’, ಒಂದಿಷ್ಟು ‘ಡೌನ್’. ಡೌನ್ ಆದವುಗಳಲ್ಲಿ ಹಿರಿಯ ಸಾಲೊಂದು ಮಾತಿಗೆ ಸಿಕ್ಕಿತು. ಪೂರ್ತಿ ಹೆಸರು ‘ಲೋಕಲ್‌ಹೋಸ್ಟ್@ಎಲ್‌ವಿಎಂ’.

ಪ್ರ: ತಮ್ಮ ಪರಿಚಯ?

ಉ: ಪಟ್ಟಿಯಲ್ಲೇ ಇದೆಯಲ್ಲ, ಓದಿಕೊಳ್ಳಿ. ಬೈನರಿ: ಸಿಂಡರ್-ವಾಲ್ಯೂಮ್. ಸ್ಟೇಟಸ್: ಎನೇಬಲ್ಡ್. ಸ್ಟೇಟ್: ಡೌನ್. ಅಂದರೆ ಕೆಲಸ ಮಾಡಲು ಯಾರ ತಕರಾರೂ ಇಲ್ಲ, ಜೀವ ಮಾತ್ರ ಇಲ್ಲ. ಇದೇ ಪಟ್ಟಿಯನ್ನು ಸಿಂಡರ್-ಮ್ಯಾನೇಜ್ ಕಮಾಂಡಿನಲ್ಲಿ ತೆಗೆದರೆ ಬದುಕಿರುವವರ ಮುಂದೆ :-) ಎಂದು ನಗುಮುಖ, ನಮ್ಮ ಮುಂದೆ ಮೂರು ಎಕ್ಸ್.

ಪ್ರ: ಮೂಲ ಎಲ್ಲಿಯದು?

ಉ: ದೊಡ್ಡ ಮನೆತನವೇ ಸ್ವಾಮಿ. 2010ರಲ್ಲಿ ರ‍್ಯಾಕ್‌ಸ್ಪೇಸ್ ಮತ್ತು ನಾಸಾ ಸೇರಿ ಓಪನ್‌ಸ್ಟ್ಯಾಕ್ ಹುಟ್ಟುಹಾಕಿದರು. 2012ರ ಫೋಲ್ಸಮ್ ಆವೃತ್ತಿಯಲ್ಲಿ ನಾಸಾ ಕಡೆಯಿಂದ ಬಂದ ಕಂಪ್ಯೂಟ್ ಭಾಗ ನೋವಾದಿಂದ ಪಾಲಾಗಿ ಸಿಂಡರ್ ಬೇರೆ ಮನೆ ಮಾಡಿತು. ನಾಸಾ ಕಡೆಯ ಸಂತಾನಕ್ಕೆ ಕೊನೆಗೆ ಇಟ್ಟ ಹೆಸರು ನೋಡಿ, ಲೋಕಲ್‌ಹೋಸ್ಟ್!

ಪ್ರ: ಆ ಹೆಸರು ಹೇಗೆ ಬಂತು?

ಉ: ಹೊಸ ಸರ್ವರಿಗೆ ಹೋಸ್ಟ್‌ನೇಮ್ ಕೊಡುವ ಮೊದಲೇ ಎಂಜಿನಿಯರ್ ಸಾಹೇಬರು ಸರ್ವೀಸ್ ಸ್ಟಾರ್ಟ್ ಮಾಡಿದರು. ನಮ್ಮಲ್ಲಿ ನೋಂದಣಿಗೆ ಗುರುತಿನ ಚೀಟಿ ಕೇಳುವವರಿಲ್ಲ. ಸರ್ವೀಸ್ ಎದ್ದ ಕೂಡಲೇ ಏನು ಹೆಸರು ಹೇಳುತ್ತದೋ ಅದೇ ಹೆಸರಲ್ಲಿ ಡೇಟಾಬೇಸಿನಲ್ಲಿ ಒಂದು ಸಾಲು. ಕೆಲವು ತಿಂಗಳಾದ ಮೇಲೆ ಇನ್ನೊಬ್ಬರು ಬಂದು ಹೆಸರು ತಿದ್ದಿ ರೀಸ್ಟಾರ್ಟ್ ಕೊಟ್ಟರು. ಅದೇ ಯಂತ್ರ, ಅದೇ ಡಿಸ್ಕು. ಆದರೆ ಹೆಸರು ಬೇರೆಯಾದ್ದರಿಂದ ಸಿಂಡರ್ ಪಾಲಿಗೆ ಅದು ಬೇರೆಯೇ ಆಸಾಮಿ. ಸಾಮಾನ್ಯವಾಗಿ ನಾವು 10 ಸೆಕೆಂಡಿಗೊಮ್ಮೆ ‘ಇದ್ದೇನೆ’ ಎಂದು ಹಾಜರಿ ಹಾಕಬೇಕು, 60 ಸೆಕೆಂಡು ದಾಟಿದರೆ ಡೌನ್. ನನ್ನ ಹೆಸರಲ್ಲಿ ಹಾಜರಿ ಹಾಕುವವರೇ ಇಲ್ಲವಾದರು.

ಪ್ರ: ನಿಮ್ಮಂಥವರು ಇನ್ನೂ ಇದ್ದಾರಾ?

ಉ: ಮೇಲಿನ ಸಾಲು ನೋಡಿ, ಅವನ ಹೆಸರಲ್ಲಿ @ ಇಲ್ಲ, ಅದರ ಮುಂದೆ ಬರುವ ಬ್ಯಾಕೆಂಡಿನ ಹೆಸರೂ ಇಲ್ಲ. ಕಾನ್ಫಿಗ್ ಫೈಲಿನಲ್ಲಿ ಬ್ಯಾಕೆಂಡುಗಳ ಹೆಸರನ್ನೇ ಬರೆಯದಿದ್ದ ಕಾಲದವನು. ಆಮೇಲೆ ಎರಡು ಬ್ಯಾಕೆಂಡ್ ಸೇರಿಸಿದರು, ಇವನು ಅನಾಥನಾದ. ಅವನ ಮೇಲಿನ ಮೂವರು ಸೆಫ್ ಎಂಬ ಸ್ಟೋರೇಜ್ ಕಡೆಯವರು. ಡೇಟಾ ಇರುವುದು ಎಲ್ಲರಿಗೂ ಸೇರಿದ ಸೆಫ್ ಪೂಲಿನಲ್ಲಿ, ಹೆಸರು ಮಾತ್ರ ಒಬ್ಬೊಬ್ಬರದು ಒಂದೊಂದು ಕಂಟ್ರೋಲರ್ ಸರ್ವರಿನದು. ‘ಬ್ಯಾಕೆಂಡ್ ಹೋಸ್ಟ್’ ಅಂತ ಒಂದು ಸಾಲು ಬರೆದು ಮೂವರಿಗೂ ಒಂದೇ ಹೆಸರು ಕೊಟ್ಟಿದ್ದರೆ ಯಂತ್ರ ಬದಲಾದರೂ ಹೆಸರು ಉಳಿಯುತ್ತಿತ್ತು. ಬರೆಯಲಿಲ್ಲ. ಹಳೆಯ ಸರ್ವರುಗಳು ಗುಜರಿಗೆ ಹೋದವು, ಇವರು ಇಲ್ಲೇ ಕೂತರು.

ಪ್ರ: ಇಷ್ಟು ಕಾಲ ಯಾರ ಕಣ್ಣಿಗೂ ಬೀಳಲಿಲ್ಲವೇ?

ಉ: ಬೀಳುವುದು ಹೇಗೆ? ವರ್ಚುವಲ್ ಮಷಿನ್‌ಗೆ ಡಿಸ್ಕ್ ಒಮ್ಮೆ ಜೋಡಿಸಿ ಕೊಟ್ಟ ಮೇಲೆ ಓದುವುದು, ಬರೆಯುವುದು ಯಾವುದೂ ನನ್ನ ಮೂಲಕ ಹೋಗುವುದಿಲ್ಲ. ಅದು ನೇರ ವ್ಯವಹಾರ. ನಾನು ಸತ್ತ ದಿನವೂ ಪೇರೋಲ್ ಓಡಿತು, ಸಂಬಳ ಬಂತು. ಹೊಸ ಡಿಸ್ಕಿನ ಅರ್ಜಿ ಬಂದರೆ ಶೆಡ್ಯೂಲರ್ ಡೌನ್ ಆದವರನ್ನು ಬಿಟ್ಟು ಬದುಕಿರುವವರಿಗೆ ಕಳಿಸುತ್ತದೆ. ತೊಂದರೆ ಗೊತ್ತಾಗುವುದು ಯಾರಾದರೂ ಹಳೆಯ ಡಿಸ್ಕ್, ನಮ್ಮ ಭಾಷೆಯಲ್ಲಿ ವಾಲ್ಯೂಮ್, ಡಿಲೀಟ್ ಮಾಡಲು ಹೋದಾಗ.

ಪ್ರ: ಆಗ ಏನಾಗುತ್ತದೆ?

ಉ: ‘ಡಿಲೀಟಿಂಗ್’ ಎಂದು ಬರುತ್ತದೆ. ನಾಳೆಯೂ ಡಿಲೀಟಿಂಗ್, ಯುಗಾದಿಗೂ ಡಿಲೀಟಿಂಗ್. ವಾಲ್ಯೂಮಿನ ದಾಖಲೆಯಲ್ಲಿ ಹೋಸ್ಟ್ ಎಂದು ನನ್ನ ಹೆಸರಿದೆ. ಎಪಿಐ ನನ್ನ ಹೆಸರಿನ ರ‍್ಯಾಬಿಟ್‌ಎಂಕ್ಯೂ ಸರದಿಗೆ ಆದೇಶ ಹಾಕಿ ಕೈ ತೊಳೆದುಕೊಳ್ಳುತ್ತದೆ. ತೆಗೆದು ಓದುವವರಿಲ್ಲ. ಹೀಗೆ ಹಳೆಯ ವಾಲ್ಯೂಮ್ ಅಳಿಸಲು ಬಂದ ಹುಡುಗಿಯೊಬ್ಬಳು ಪಾಪ, ರೀಸೆಟ್-ಸ್ಟೇಟ್ ಕೊಟ್ಟು ‘ಅವೈಲಬಲ್’ ಮಾಡಿದಳು. ಬದಲಾದದ್ದು ಬೋರ್ಡು ಮಾತ್ರ. ಮತ್ತೆ ಡಿಲೀಟ್, ಮತ್ತೆ ಡಿಲೀಟಿಂಗ್. ಸಿಟ್ಟು ಬಂದು ಫೋರ್ಸ್ ಡಿಲೀಟ್ ಒತ್ತಿದಳು. ಆ ಆದೇಶವೂ ಬಂದದ್ದು ನನ್ನ ಸರದಿಗೇ! ಇಷ್ಟರ ಮಧ್ಯೆ ಕೋಟಾ ಭರ್ತಿ ಎಂದು ಅವಳ ಟೀಮಿಗೆ ಹೊಸ ಡಿಸ್ಕ್ ಇಲ್ಲ. ಅಳಿಸಲಾಗದ ವಾಲ್ಯೂಮಿಗೂ ಕೋಟಾದಲ್ಲಿ ಜಾಗ ಉಂಟು.

(ಈ ಹುಡುಗಿಯ ಟಿಕೆಟ್ಟನ್ನು ನಾವೂ ನೋಡಿದೆವು. ‘ಪರಿಹರಿಸಲಾಗಿದೆ’ ಎಂದು ಮುಚ್ಚಲಾಗಿದೆ. ಪರಿಹಾರವೇನೆಂದರೆ ಕೋಟಾ ಹೆಚ್ಚಿಸಿದ್ದು.)

ಪ್ರ: ನಿಮ್ಮನ್ನು ಪಟ್ಟಿಯಿಂದ ಅಳಿಸಿದರೆ ಮುಗಿಯಿತಲ್ಲ?

ಉ: ಅಳಿಸುವುದಕ್ಕೇನು, ‘ಸಿಂಡರ್-ಮ್ಯಾನೇಜ್ ಸರ್ವೀಸ್ ರಿಮೂವ್’ ಅಂತ ಒಂದೇ ಸಾಲು. ನಿಮ್ಮ ಊರಲ್ಲಿ ಪಹಣಿ ತೀರಿಹೋದ ಅಜ್ಜನ ಹೆಸರಲ್ಲೇ ಇರುತ್ತದಲ್ಲ? ಅಜ್ಜನ ಹೆಸರು ಹೊಡೆದುಹಾಕಿದರೆ ಹೊಲ ಮೊಮ್ಮಗನದ್ದಾಗುತ್ತದೆಯೇ? ಮೊದಲು ಪೌತಿ ಖಾತೆ ಆಗಬೇಕು. ನಮ್ಮಲ್ಲಿ ಅದಕ್ಕೆ ‘ವಾಲ್ಯೂಮ್ ಅಪ್‌ಡೇಟ್ ಹೋಸ್ಟ್’ ಎನ್ನುತ್ತಾರೆ: ಹಳೆಯ ಹೋಸ್ಟ್ ಯಾರು, ಹೊಸ ಹೋಸ್ಟ್ ಯಾರು. ಹೊಸ ಹೆಸರಿನ ಕೊನೆಗೆ # ಹಾಕಿ ಪೂಲಿನ ಹೆಸರನ್ನೂ ಸೇರಿಸಬೇಕು, ಮರೆತರೆ ಇನ್ನೊಂದು ತಕರಾರು ಅರ್ಜಿ. ಅದೂ ಡಿಸ್ಕ್ ನಿಜಕ್ಕೂ ಹೊಸಬನ ಕೈಯಲ್ಲಿದ್ದರೆ ಮಾತ್ರ. ಸರ್ವರಿನ ಜೊತೆಗೇ ಡಿಸ್ಕೂ ಗುಜರಿಗೆ ಹೋಗಿದ್ದರೆ ಖಾತೆ ಮಾಡಿ ಏನು ಪ್ರಯೋಜನ? ಹೊಲವೇ ಕೆರೆಯಲ್ಲಿ ಮುಳುಗಿದೆ.

ಪ್ರ: ಇಷ್ಟು ಸರಳವಿದ್ದೂ ಯಾಕೆ ಮಾಡಿಲ್ಲ?

ಉ: ಚೇಂಜ್ ರಿಕ್ವೆಸ್ಟ್ ಹಾಕಿದ್ದರು. ಅದರಲ್ಲಿ ‘ಇದರಿಂದ ಯಾರಿಗೆ ತೊಂದರೆ?’ ಎಂಬ ಕಾಲಂ ಇದೆ. ‘ಗೊತ್ತಿಲ್ಲ’ ಎಂದು ಬರೆದರೆ ಒಪ್ಪಿಗೆ ಸಿಗುವುದಿಲ್ಲ. ‘ಯಾರಿಗೂ ಇಲ್ಲ’ ಎಂದು ಬರೆಯುವ ಧೈರ್ಯ ಯಾರಿಗಿದೆ? ನನ್ನ ಹೆಸರಲ್ಲಿ ಎಷ್ಟು ವಾಲ್ಯೂಮ್ ಇವೆ ಎಂದು ಎಣಿಸಿದರೆ ಉತ್ತರ ಸಿಗುತ್ತಿತ್ತು. ಎಣಿಸುವುದಕ್ಕೂ ಇನ್ನೊಂದು ರಿಕ್ವೆಸ್ಟ್ ಬೇಕೆಂದರು. ಅಲ್ಲಿಯವರೆಗೆ ಅಲಾರಂ ಕಿರಿಕಿರಿ ಮಾಡುತ್ತದೆಂದು ನನ್ನ ಅಲಾರಂ ಬಂದ್ ಮಾಡಿದರು. ನನ್ನದೊಂದನ್ನೇ ಅಲ್ಲ, ಸಿಂಡರಿನದು ಪೂರಾ. ಈಗ ನಿಜವಾಗಿ ಯಾರಾದರೂ ಬಿದ್ದರೂ ಸದ್ದಿಲ್ಲ.

ಪ್ರ: ಇಂದು ಸಂಜೆ ಕ್ಲೀನಪ್ ಇದೆಯಂತೆ?

ಉ: ಹೌದು, ಅಂತೂ ಒಪ್ಪಿಗೆ ಸಿಕ್ಕಿತು. ನನ್ನ ವಾಲ್ಯೂಮುಗಳನ್ನು ಮಧ್ಯಾಹ್ನವೇ ಹೊಸಬನ ಹೆಸರಿಗೆ ಹಾಕಿದ್ದಾರೆ. ಪೂಲಿನ ಹೆಸರನ್ನೂ ಮರೆತಿಲ್ಲ, ಮೆಚ್ಚಬೇಕು. ಇನ್ನು ನನ್ನದೇನೂ ಋಣವಿಲ್ಲ. ಹಾಗಂತ ಪೂರ್ತಿ ಹೋಗುತ್ತೇನೆ ಎಂದುಕೊಳ್ಳಬೇಡಿ. ಡೇಟಾಬೇಸಿನಲ್ಲಿ ‘ಡಿಲೀಟೆಡ್’ ಎಂಬ ಕಾಲಂನಲ್ಲಿ ಗುರುತು ಹಾಕುತ್ತಾರೆ ಅಷ್ಟೆ, ಯಾರಾದರೂ ಪರ್ಜ್ ಮಾಡುವವರೆಗೆ ಸಾಲು ಒಳಗೇ ಇರುತ್ತದೆ. ನನಗೆ ಚಿಂತೆ ಕೆಳಗಿನ ಸಾಲಿನವನದು.

ಪ್ರ: ಅವನೂ ಡೌನ್ ಅಲ್ಲವೇ?

ಉ: ಪಟ್ಟಿಯಲ್ಲಿ ಡೌನ್. ಆದರೆ ಸತ್ತಿಲ್ಲ! ಅವನ ಸರ್ವರಿನಲ್ಲಿ ಸಮಯ ಹೊಂದಿಸುವ ಎನ್‌ಟಿಪಿ ಕೆಟ್ಟು ಗಡಿಯಾರ ಏಳು ನಿಮಿಷ ಹಿಂದಿದೆ. 10 ಸೆಕೆಂಡಿಗೊಮ್ಮೆ ತಪ್ಪದೆ ಹಾಜರಿ ಹಾಕುತ್ತಾನೆ, ಆದರೆ ಪ್ರತಿ ಹಾಜರಿಯಲ್ಲೂ ಏಳು ನಿಮಿಷ ಹಿಂದಿನ ಸಮಯ. ಓದುವವರಿಗೆ ಸತ್ತು ಏಳು ನಿಮಿಷವಾದಂತೆ ಕಾಣುತ್ತದೆ. ಡೌನ್ ಎಂದವರನ್ನೆಲ್ಲ ತೆಗೆಯಿರಿ ಎಂದು ಆದೇಶವಾಗಿದೆ, ಅವನೂ...

ಮಾತು ಅಲ್ಲಿಗೇ ನಿಂತಿತು. ಪಟ್ಟಿಯನ್ನು ಮತ್ತೆ ತೆಗೆದಾಗ ಲೋಕಲ್‌ಹೋಸ್ಟ್ ಇರಲಿಲ್ಲ, ಕೆಳಗಿನ ಸಾಲೂ ಇರಲಿಲ್ಲ. ಕ್ಲೀನಪ್ ನಡೆಸುತ್ತಿದ್ದವರ ಮೀಟಿಂಗಿನಲ್ಲಿ ಚಪ್ಪಾಳೆ. 10 ಸೆಕೆಂಡು ಕಳೆಯಿತು. ತನ್ನ ಸಾಲು ಮಾಯವಾದದ್ದನ್ನು ಕಂಡ ಆ ಸರ್ವೀಸ್ ತಾನೇ ಹೊಸ ಸಾಲು ಬರೆದುಕೊಂಡು ಪಟ್ಟಿಗೆ ಮರಳಿತು. ಹೆಸರು ಅದೇ, ಸ್ಟೇಟಸ್ ಎನೇಬಲ್ಡ್, ಸ್ಟೇಟ್ ಡೌನ್. ಸಂದರ್ಶನಕ್ಕೆ ಬಿಡುವಿದೆಯೇ ಎಂದು ವಿಚಾರಿಸಿದೆವು.

‘ಧಾರಾಳವಾಗಿ ಕೇಳಿ. ಅಂದಹಾಗೆ, ನಿಮ್ಮ ಗಡಿಯಾರದಲ್ಲಿ ಈಗ ಗಂಟೆ ಎಷ್ಟು?’