ಮಾವನವರ ಫೈಲು, ಅಳಿಯನ ಕಾರು

ಹಾಸನದ ಆರ್‌ಟಿಒದಲ್ಲಿ ಕೆಎ-13 ನಂಬರು ಪಡೆಯುವ ಹೊಸ ಕಾರಿಗೆ ಜೀವಾವಧಿ ತೆರಿಗೆಯನ್ನು ಒಂದೇ ಏಟಿಗೆ ಕಟ್ಟಿಸಿಕೊಳ್ಳುತ್ತಾರೆ. ಪೆಟ್ರೋಲ್ ಕಾರಾದರೆ ಬೆಲೆ ನೋಡಿಕೊಂಡು ಶೇಕಡಾ 13ರಿಂದ 18. ಎದೆ ಝಲ್ಲೆನ್ನುವುದು ನಿಜ, ಆದರೆ ಹದಿನೈದು ವರ್ಷ ಮತ್ತೆ ಆ ಮಾತಿಲ್ಲ. ಇನ್ಶೂರೆನ್ಸ್ ಇಲ್ಲದೆ ಅಲ್ಲಿ ಗಾಡಿ ರಿಜಿಸ್ಟರ್ ಆಗುವುದಿಲ್ಲ. 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಪಾಲಿಸಿಯೇ ಕಡ್ಡಾಯ. ಅರಕಲಗೂಡಿನ ನಿವೃತ್ತ ಮೇಷ್ಟ್ರಿಗೆ ಇದೆಲ್ಲ ಬಾಯಿಪಾಠ.

ಅವರು ಮಗಳ ಮನೆಗೆಂದು ಇಂಗ್ಲೆಂಡಿನ ರೀಡಿಂಗ್‌ಗೆ ಬಂದ ವಾರವೇ ಹೊಳೆನರಸೀಪುರದ ಅಳಿಯ ಸೆಕೆಂಡ್ ಹ್ಯಾಂಡ್ ಕಾರು ಕೊಂಡ. ಅತ್ತೆ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಹುಡುಕುತ್ತಿದ್ದರೆ, ಮಾವನವರ ತನಿಖೆ ಬೇರೆಯೇ.

"ಮಾರಿದೋನು ಟ್ಯಾಕ್ಸ್ ಕಟ್ಟವ್ನಂತಲ್ಲ ಅಳಿಯಂದ್ರೇ, ನಾವ್ಯಾಕೆ ಇನ್ನೊಂದ್ಸಲ ಕಟ್ಟೋದು?"

2014ರ ಅಕ್ಟೋಬರ್ 1ರಿಂದ ಬ್ರಿಟನ್ನಿನಲ್ಲಿ ತೆರಿಗೆ ಕಾರಿನ ಜೊತೆ ಕೈ ಬದಲಾಯಿಸುವುದಿಲ್ಲ. ಮಾರಿದವನಿಗೆ ಉಳಿದ ಪೂರ್ತಿ ತಿಂಗಳುಗಳ ಹಣ ಮಾತ್ರ ವಾಪಸ್ಸು. ಕೊಂಡವನು ಆ ತಿಂಗಳ ಮೊದಲ ದಿನದಿಂದಲೇ ಕಟ್ಟಬೇಕು. ಹತ್ತನೇ ತಾರೀಕು ವ್ಯಾಪಾರವಾದರೆ ಒಂದೇ ಕಾರಿಗೆ ಒಂದೇ ತಿಂಗಳಿಗೆ ಎರಡು ತೆರಿಗೆ! ಈ ಲೆಕ್ಕ ಕೇಳಿ ಮೇಷ್ಟ್ರು ಕನ್ನಡಕ ತೆಗೆದರು.

"ನಲವತ್ತೇಳರಲ್ಲಿ ನಮ್ಮೂರು ಬಿಟ್ಟು ಬಂದ್ರು, ಬುದ್ಧಿ ಬಿಟ್ಟಿಲ್ಲ ನೋಡಿ. ಹಾಸನಾಂಬೆ ಬಾಗಿಲು ವರ್ಷಕ್ಕೊಂದ್ಸಲ ತೆಗೀತಾರೆ ಸರಿ, ಟ್ಯಾಕ್ಸ್ ಬಾಗಿಲೂ ವರ್ಷವರ್ಷ ತೆಗೀಬೇಕಾ?"

ಆನ್‌ಲೈನಿನಲ್ಲಿ ಎರಡು ನಿಮಿಷದ ಕೆಲಸ. ಮಾವನವರು ಒಪ್ಪಲಿಲ್ಲ. ಇನ್ಶೂರೆನ್ಸ್ ಕಾಗದ ಮೂರು ಸೆಟ್ ಪ್ರಿಂಟಾಗಿ ಪ್ಲಾಸ್ಟಿಕ್ ಫೈಲು ಸೇರಿತು, ಮೊಮ್ಮಗಳ ಹೋಮ್‌ವರ್ಕಿಗಿದ್ದ ಶಾಯಿ ಅಷ್ಟಕ್ಕೇ ಮುಗಿಯಿತು, ಸವಾರಿ ಪೋಸ್ಟ್ ಆಫೀಸಿಗೆ ಹೊರಟಿತು. ಕೌಂಟರಿನಾಕೆ ಹೊಸ ಮಾಲೀಕರ ಹಸಿರು ಚೀಟಿ ನೋಡಿ, ದುಡ್ಡು ತೆಗೆದುಕೊಂಡು ಮುಗಿಯಿತೆಂದಳು. ಮಾವನವರು ಗಾಜಿನ ಸಂದಿಯಿಂದ ಪಾಲಿಸಿ ತೂರಿಸಿದರೆ, "ನೋ ನೀಡ್, ಡಾರ್ಲಿಂಗ್" ಎಂದು ವಾಪಸ್ ತಳ್ಳಿದಳು. ಡಾರ್ಲಿಂಗ್ ವಿಷಯ ಅತ್ತೆಯ ಕಿವಿಗೆ ಬೀಳಕೂಡದೆಂದು ಅಳಿಯನಿಗೆ ದಾರಿಯಲ್ಲೇ ತಾಕೀತಾಯಿತು.

ಮೇಷ್ಟ್ರು ಹತ್ತಾರು ವರ್ಷ ಮುಂಚೆ ಬರಬೇಕಿತ್ತು. 2013ರ ಡಿಸೆಂಬರಿನವರೆಗೂ ಆ ಕೌಂಟರಿನಲ್ಲಿ ಇನ್ಶೂರೆನ್ಸ್ ಸರ್ಟಿಫಿಕೇಟು ತೋರಿಸಲೇಬೇಕಿತ್ತು. 1921ರಿಂದ ಗಾಜಿಗೆ ಅಂಟಿಸುತ್ತಿದ್ದ ದುಂಡನೆಯ ತೆರಿಗೆ ಚೀಟಿಯೂ ಮರುವರ್ಷ ಹೋಯಿತು. ಈಗ ವಿಮಾ ಕಂಪನಿಗಳೇ ಪ್ರತಿ ಪಾಲಿಸಿಯನ್ನೂ ಕೇಂದ್ರದ ಡೇಟಾಬೇಸಿಗೆ ಸೇರಿಸುತ್ತವೆ. ರಸ್ತೆಯ ಕ್ಯಾಮೆರಾ ನಂಬರ್ ಪ್ಲೇಟು ಓದಿ ಅಲ್ಲಿ ಹುಡುಕುತ್ತದೆ. ಯಾರೂ ಕೇಳದಿದ್ದರೂ ಎಲ್ಲರೂ ನೋಡಿರುತ್ತಾರೆ. 2011ರಿಂದ ಇನ್ನೂ ಬಿಗಿ: ಕಾರು ಮನೆ ಮುಂದೆ ಸುಮ್ಮನೆ ನಿಂತಿದ್ದರೂ, ರಸ್ತೆಗಿಳಿಸುವುದಿಲ್ಲವೆಂದು ಬರೆದುಕೊಡದಿದ್ದರೆ, ವಿಮೆ ಬೇಕೇ ಬೇಕು, ಇಲ್ಲದಿದ್ದರೆ ನೂರು ಪೌಂಡು ದಂಡದ ಕಾಗದ ಮನೆಗೆ ಬರುತ್ತದೆ.

"ಕೊಟ್ಟಿಗೇಲಿ ಮಲಗಿರೋದಕ್ಕೂ ದಂಡವಾ?" ಎಂದರು ಮಾವನವರು. ಫೈಲಿಗೆ ಬೆಲೆ ಕೊಡದ ದೇಶದ ಮೇಲೆ ಮುನಿಸು. ಆ ಸಂಜೆ ಸಪ್ಪೆಯಾಯಿತು.

ಮುನಿಸು ಇಳಿಸಿದ್ದು ಅಳಿಯನ ಷಡ್ಡಕ, ಚನ್ನರಾಯಪಟ್ಟಣದವರು, ಬೆಲ್‌ಫಾಸ್ಟಿನಲ್ಲಿದ್ದಾರೆ. ಉತ್ತರ ಐರ್ಲೆಂಡಿನ ಪೋಸ್ಟ್ ಆಫೀಸಿನಲ್ಲಿ ತೆರಿಗೆ ಕಟ್ಟುವವರು ಇನ್ಶೂರೆನ್ಸ್ ಸರ್ಟಿಫಿಕೇಟನ್ನು ಈಗಲೂ ಕಾಗದದಲ್ಲೇ ಒಯ್ಯಬೇಕು. ಫೋನಿನಲ್ಲಿ ತೋರಿಸಲು ಹೋಗಿ ಕೌಂಟರಿನಿಂದ ವಾಪಸ್ಸಾದ ಅವರು ಸಿಟ್ಟಿನಲ್ಲಿ ಕರೆ ಮಾಡಿ ಗೋಳು ತೋಡಿಕೊಂಡರು. ಮೇಷ್ಟ್ರು ಸಮಾಧಾನ ಹೇಳಲಿಲ್ಲ. ಮಗಳ ಕಡೆ ತಿರುಗಿ, "ನೋಡಮ್ಮಾ, ಆ ಊರಲ್ಲಿ ಇನ್ನೂ ಆಡಳಿತ ಅನ್ನೋದು ಐತೆ. ಮುಂದಿನ ವರ್ಷ ನಿನ್ನ ತಂಗಿ ಮನೆಗೇ ಟಿಕೆಟ್ ಮಾಡ್ಸು" ಎಂದರು.