ಕೌದಿ ಅಕ್ಕೋರು

ಕಾರವಾರದಿಂದ ಅಂಕೋಲೆವರೆಗೆ ಯಾವ ಕೇರಿಗೆ ಹೋದರೂ ಅಲ್ಲೊಬ್ಬರು ಕೌದಿ ಅಕ್ಕೋರು ಇದ್ದೇ ಇರುತ್ತಾರೆ. ಕನ್ನಡ ಶಾಲೆಯಿಂದ ನಿವೃತ್ತರಾದವರಾದರೆ ಲಕ್ಷಣ ಪೂರ್ತಿಯಾಯಿತು. ಅಲ್ಲದಿದ್ದರೂ ಅಡ್ಡಿಯಿಲ್ಲ, ಕಂಡವರ ತಪ್ಪು ತಿದ್ದುವ ಚಟ ಇದ್ದರೆ ಸಾಕು. ಮೂಗಿನ ತುದಿಯಲ್ಲಿ ಕನ್ನಡಕ, ಸೆರಗಿಗೆ ಚುಚ್ಚಿಕೊಂಡ ಸೂಜಿ, ಸೂಜಿಯ ಬಾಲಕ್ಕೆ ಗೇಣುದ್ದ ನೂಲು. ಬಸ್ಸಿನಲ್ಲಿ ಪಕ್ಕ ಕೂರುವವರು ತುಸು ಸರಿದು ಕೂರುವುದು ಕ್ಷೇಮ.

ಅಕ್ಕೋರ ಕಣ್ಣಿಗೆ ಮನುಷ್ಯರು ಆಮೇಲೆ, ಮೊದಲು ಬಟ್ಟೆ. ಮದುವೆ ಹಾಲಿನಲ್ಲಿ ಯಾರದೋ ಸೆರಗನ್ನು ಬೆರಳ ಸಂದಿಯಲ್ಲಿ ತಿಕ್ಕಿ ನೋಡುತ್ತಾರೆ. ಉಟ್ಟವಳು ಈಗ ರೇಟು ಕೇಳುತ್ತಾರೆಂದು ಹಿಗ್ಗುತ್ತಾಳೆ. ಅಕ್ಕೋರು ಎಣಿಸುತ್ತಿರುವುದು ಅದು ಹರಿಯಲು ಇನ್ನೆಷ್ಟು ವರ್ಷ ಬೇಕೆಂಬುದನ್ನು. "ಅಸಲು ಹತ್ತಿ ಮಾರಾಯ್ತಿ. ಹಳತಾದ್ಮೇಲೆ ಪಾತ್ರೆಯವನಿಗೆ ಕೊಟ್ಟುಬಿಡಬೇಡ, ನಂಗೇ ಇಡು" ಎಂದು ಮಾತು ತೆಗೆದುಕೊಂಡ ಮೇಲೆಯೇ ಪಂಕ್ತಿಗೆ ಏಳುವುದು. ಸಾವಿನ ಮನೆಯಲ್ಲಿ ಅವರಿಗೂ ಮರ್ಯಾದೆ ಗೊತ್ತು. ಹನ್ನೆರಡನೆಯ ದಿನದ ಊಟ ಮುಗಿಯುವ ತನಕ ಬಾಯಿ ಬಿಡುವುದಿಲ್ಲ. ಕೈ ತೊಳೆಯುವಾಗ ಮೆಲ್ಲಗೆ, "ಅಜ್ಜಿ ಸೀರೆ ಎಲ್ಲಾ ಎಂತ ಮಾಡ್ತ್ರಿ?"

ಕೌದಿ ಹೊದೆಯುವಷ್ಟು ಚಳಿ ಈ ಕರಾವಳಿಯಲ್ಲಿ ಎಲ್ಲಿದೆ ಎಂದು ಘಟ್ಟದ ಮೇಲಿನವರು ನಗುತ್ತಾರೆ. ಇಲ್ಲಿ ಅದು ಹೊದಿಕೆಗಿಂತ ಹೆಚ್ಚಾಗಿ ಹಾಸಿಗೆ. ತೊಟ್ಟಿಲಿಗೆ, ಬಾಣಂತಿ ಕೋಣೆಗೆ, ಮಳೆಗಾಲದಲ್ಲಿ ಥಂಡಿ ಏರುವ ನೆಲಕ್ಕೆ ಅದೇ ಗತಿ. ಕೊಂಕಣಿ ಮನೆಗಳ ವಾಕಳವೂ ಹೆಚ್ಚುಕಮ್ಮಿ ಇದೇ: ನಾಲ್ಕಾರು ಪದರ ಹಳೇ ಸೀರೆ, ಮೇಲೆ ಒತ್ತೊತ್ತಾಗಿ ಹೊಲಿಗೆ.

ಹೊಲಿಯುವ ಕಾಲವೂ ಮಳೆಗಾಲವೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಕಡಲು ನಿಷಿದ್ಧ. ಬೈತಖೋಲ ಬಂದರಿನಲ್ಲಿ ದೋಣಿ ಕಟ್ಟಿದ ದಿನ ಅಕ್ಕೋರು ಕೌದಿ ಬಿಚ್ಚುತ್ತಾರೆ. ಆಗಸ್ಟ್ ಬಂದರೆ ದೋಣಿ ನೀರಿಗಿಳಿಯುತ್ತದೆ. ಕೌದಿ ಮಾತ್ರ ಚವತಿ ಗಣಪತಿ ಬಂದ ಎಂದು ಮಡಚಿ ಅಟ್ಟ ಸೇರುತ್ತದೆ, ಮುಂದಿನ ಜೂನ್‌ವರೆಗೆ. ಮೊಮ್ಮಗನ ತೊಟ್ಟಿಲಿಗೆಂದು ಶುರುವಾದದ್ದು ಅವನು ಹೈಸ್ಕೂಲಿಗೆ ಹೋಗುವಾಗ ಮುಗಿದ ದಾಖಲೆಗಳಿವೆ. ಆಗ ಅದು ಅವನ ಮೊಣಕಾಲಿನ ತನಕ ಮುಚ್ಚುತ್ತದೆ, ಹಾಗಾಗಿ ನಷ್ಟವೇನಿಲ್ಲ.

ತಡವಾಗುವುದಕ್ಕೆ ಕಾರಣ ಸೋಮಾರಿತನ ಅಲ್ಲ ಎಂಬುದನ್ನು ಒಪ್ಪಲೇಬೇಕು. ಕೈಹೊಲಿಗೆಯ ಕಷ್ಟ ಕೂತು ನೋಡಿದವರಿಗೇ ಗೊತ್ತು. ಪದರಗಳನ್ನು ನೆಲಕ್ಕೆ ಹಾಸಿ, ಸುಕ್ಕು ತೆಗೆದು, ದೊಡ್ಡ ದೊಡ್ಡ ಕಚ್ಚಾ ಟಾಕು ಹಾಕಿ ಹಿಡಿದಿಡಬೇಕು. ಅಲ್ಲೊಂದು ನೈಲಾನ್ ಸೀರೆ ನುಸುಳಿತೋ, ಕೆಟ್ಟಿತು. ಹತ್ತಿ ಇದ್ದಲ್ಲೇ ಇರುತ್ತದೆ, ನೈಲಾನ್ ಜಾರುತ್ತ ಹೋಗುತ್ತದೆ, ಅಡಿಯಲ್ಲಿ ಎಲ್ಲ ಗಂಟುಕಟ್ಟಿ ಮಲಗಿದವನ ಬೆನ್ನಿಗೆ ಒತ್ತುತ್ತದೆ. ಜೀನ್ಸ್ ಪ್ಯಾಂಟಿನ ತುಂಡು ಬಂದರೆ ಸೂಜಿಯೇ ಮುರಿಯುತ್ತದೆ. ಅಂಗುಸ್ತಾನ ಹಾಕಿಕೊಂಡರೆ ಬೆರಳಿಗೆ ಬಟ್ಟೆ ತಿಳಿಯುವುದಿಲ್ಲ ಎಂದು ಅಕ್ಕೋರು ಅದನ್ನು ಮುಟ್ಟುವುದಿಲ್ಲ. ಆಮೇಲೆ ಹುಳಿ ಹಿಂಡುವಾಗ ಉರಿ ಉರಿ ಎಂದು ಮನೆಯವರನ್ನೆಲ್ಲ ಬೈಯುತ್ತಾರೆ. ಸೂಜಿಗೆ ನೂಲು ಪೋಣಿಸುವುದು ಮೊಮ್ಮಕ್ಕಳ ಕೆಲಸ. ಶಾಲೆಗೆ ಹೊರಡುವ ಮೊದಲು ಸಾಲಾಗಿ ಸೂಜಿಗಳನ್ನು ತಯಾರು ಮಾಡಿಟ್ಟೇ ಹೋಗಬೇಕು. ಇನ್ನು ತೊಳೆಯುವ ದಿನ! ನೆನೆದ ಕೌದಿ ಎಂದರೆ ಕೆರೆಯಲ್ಲಿ ಹಟಹಿಡಿದು ಕೂತ ಎಮ್ಮೆ. ಆಚೆಯೊಬ್ಬರು ಈಚೆಯೊಬ್ಬರು ತಿರುಚಬೇಕು. ಆ ಹೊತ್ತಿಗೆ ಸರಿಯಾಗಿ ಮನೆಯ ಗಂಡಸರಿಗೆಲ್ಲ ಅಂಕೋಲೆ ಪೇಟೆಯಲ್ಲಿ ತುರ್ತು ಕೆಲಸ ಹುಟ್ಟುತ್ತದೆ.

ಹೊಲಿಗೆಯೋ, ಕಾಪಿ ಪುಸ್ತಕದ ಶಿಸ್ತು. ನಾಲ್ಕು ಟಾಕು ಸೂಜಿಗೇರಿಸಿ ಒಂದೇ ಸಲ ಎಳೆಯುತ್ತಾರೆ. ಚುಟುಕದ ದಿನಕರ ದೇಸಾಯರ ಸೀಮೆಯಲ್ಲವೇ, ಏನಿದ್ದರೂ ನಾಲ್ಕರಲ್ಲೇ ಮುಗಿಯಬೇಕು. ಸಹಾಯಕ್ಕೆ ಬಂದ ಪಕ್ಕದ ಮನೆಯವಳು ಉದ್ದ ಟಾಕು ಹಾಕಿದರೆ ಎದುರಿಗೆ ಏನೂ ಅನ್ನುವುದಿಲ್ಲ. ಚಾ ಕೊಟ್ಟು ಕಳಿಸಿ, ಅವಳು ಗೇಟು ದಾಟುತ್ತಲೇ ಅಷ್ಟನ್ನೂ ಬಿಚ್ಚುತ್ತಾರೆ.

ಅಕ್ಕೋರ ಅಹಂಕಾರಕ್ಕೆ ಏಟು ಬಿದ್ದದ್ದು ಒಮ್ಮೆ ಮಾತ್ರ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕವಂದಿ ಕಂಡ ದಿನ. ಅವರು ಅಂಚಿನಿಂದ ಹಿಡಿದು ಸುತ್ತು ಸುತ್ತಾಗಿ ತುಂಡು ಕೂರಿಸುತ್ತ ನಡುವಿಗೆ ಬರುತ್ತಾರೆ. ನಕ್ಷೆ ಇಲ್ಲ, ಅಳತೆಪಟ್ಟಿ ಇಲ್ಲ. ನಾಲ್ಕೂ ಮೂಲೆಗೆ ಬಟ್ಟೆ ಮಡಚಿ 'ಫುಲಾ' ಹಚ್ಚುತ್ತಾರೆ. ಅದಿಲ್ಲದ ಕವಂದಿ ಅವರ ಲೆಕ್ಕದಲ್ಲಿ ಬೆತ್ತಲೆ. 2011ರಲ್ಲಿ ಆ ಕವಂದಿಗಳು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಪ್ರದರ್ಶನಕ್ಕೂ ಹೋಗಿಬಂದವು. ಅಕ್ಕೋರು ಮನೆಗೆ ಬಂದು ತಮ್ಮ ಇಷ್ಟು ವರ್ಷದ ಬೆತ್ತಲೆ ಕೌದಿಗಳನ್ನೆಲ್ಲ ಹೊರಗೆಳೆದರು. "ಬಣ್ಣ ಜಾಸ್ತಿ ಆಯ್ತು ಅವರದ್ದು" ಎಂದರು. ಮಾರನೆಯ ದಿನ ಮೂಲೆ ಮಡಚಲು ಕೂತರು.

ಮಗನಿಗೆ ಕೈಗಾ ಅಣುಸ್ಥಾವರದಲ್ಲಿ ನೌಕರಿ. "ಮಷಿನ್ನಿಗೆ ಕೊಟ್ಟರೆ ಒಂದೇ ದಿನದ ಕೆಲಸ, ಅಥವಾ ಸಂತೆಯಲ್ಲಿ ಬ್ಲಾಂಕೆಟ್ ತರ್ತೆ" ಎನ್ನುತ್ತಾನೆ. ಕೈಗಾದ ಒಂದನೇ ಘಟಕ 962 ದಿನ ನಿಲ್ಲದೆ ನಡೆದು 2018ರಲ್ಲಿ ವಿಶ್ವದಾಖಲೆ ಮಾಡಿದ ಹೆಮ್ಮೆ ಅವನಿಗೆ. ಅಕ್ಕೋರು ಕನ್ನಡಕದ ಮೇಲಿಂದ ನೋಡುತ್ತಾರೆ. "ನನ್ನ ಈ ಕೌದಿಗೆ ಅದಕ್ಕಿಂತ ಹೆಚ್ಚಾಯ್ತು. ಪೇಪರಿನವರು ಬಂದರೇನೋ?"

ಮಷಿನ್ನಿಗೆ ಕೊಟ್ಟರೆ ಉಳಿಯುವುದು ದಿನಗಳು, ಹೋಗುವುದು ಕೇರಿಯ ಕಥೆ. ಅಕ್ಕೋರ ಎದುರು ಕೌದಿ ಬಿಚ್ಚಿದರೆ ಸಾಕು: ಈ ನೀಲಿ ಶಾಲೆಯ ಲಂಗ, ಹಾಕಿದವಳು ಈಗ ಮುಂಬೈಯಲ್ಲಿ. ಈ ಚೌಕಳಿ ಲುಂಗಿಯವನು ಕಡ ತಕ್ಕೊಂಡ ದುಡ್ಡು ಇನ್ನೂ ಕೊಟ್ಟಿಲ್ಲ. ಈ ಹಸಿರು ಸೊಸೆಯ ಸೀಮಂತದ್ದು, ಅವಳಿಗೆ ಹೇಳದೆ ಕತ್ತರಿಸಿದ್ದು, ನೀನೂ ಹೇಳಬೇಡ. ಸೊಸೆ ಅದೇ ಕೌದಿಯ ಮೇಲೆ ಮಗುವನ್ನು ಮಲಗಿಸಿಕೊಂಡು ಎಲ್ಲ ಕೇಳುತ್ತಿರುತ್ತಾಳೆ. ಹೊಸ ಬ್ಲಾಂಕೆಟ್ ಕಪಾಟಿನಲ್ಲಿ ಪ್ಲಾಸ್ಟಿಕ್ ಚೀಲದೊಳಗೇ ಇರುತ್ತದೆ, ಯಾರಾದರೂ ಸಾಹೇಬರು ಉಳಿಯಲು ಬಂದರೆ ಬೇಕೆಂದು.

ಕಾರವಾರ-ಅಂಕೋಲೆ ಕಡೆ ಮದುವೆಗೋ ಬಂಡಿಹಬ್ಬಕ್ಕೋ ಬರುವವರಲ್ಲಿ ಒಂದು ವಿನಂತಿ. ನಿಮ್ಮ ಸೀರೆಯ ಮೇಲೆ ಆಸೆ ಇದ್ದರೆ ನೈಲಾನ್ ಉಟ್ಟು ಬನ್ನಿ. ಮೆತ್ತಗಿನ ಹಳೇ ಹತ್ತಿಯಲ್ಲಿ ಬಂದಿರೋ, ವಾಪಸು ಹೋಗುವಾಗ ಏನು ಉಡುತ್ತೀರಿ ಎಂಬುದನ್ನೂ ಚೀಲದಲ್ಲಿ ಹಾಕಿಕೊಂಡೇ ಬನ್ನಿ.