‘ಒಂದೇ ವಾರದಲ್ಲಿ ಗ್ಯಾರಂಟಿ ಗುಣ’ ಎನ್ನುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನೀವು ಅಂಟಿಸುವ ಪೋಸ್ಟರಿನಲ್ಲಿ ಅದು ಇರುವುದೂ ಇಲ್ಲ. ಬಸ್ ನಿಲ್ದಾಣದ ಗಂಡಸರ ಶೌಚಾಲಯದ ಗೋಡೆ ಮೇಲೆ ಹಳದಿ ಕಾಗದ, ಕೆಂಪು ಅಕ್ಷರ: ‘ಗುಪ್ತರೋಗ, ನರಹುಲಿ, ಗಂಟು. ಒಂದೇ ವಾರದಲ್ಲಿ ಗ್ಯಾರಂಟಿ ಗುಣ.’ ಕೆಳಗೆ ಒಂದು ಮೊಬೈಲ್ ನಂಬರು, ಲಾಡ್ಜಿನ ರೂಮ್ ನಂಬರು, ವಾರದಲ್ಲಿ ನೀವು ಸಿಗುವ ದಿನ. ಇಷ್ಟೇ ವಿಳಾಸ ಇರುವುದರಿಂದ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ನಿಮ್ಮ ಮೆಟ್ಟಿಲು ಹತ್ತುವವರು ದಡ್ಡರಲ್ಲ. ಊರಿನ ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವಾಗ ‘ಏನ್ ತೊಂದರೆ?’ ಎಂದು ಹತ್ತು ಜನರ ಎದುರು ಕೇಳುತ್ತಾರೆ. ಸಾಲಿನಲ್ಲಿ ಪಕ್ಕದ ಮನೆಯವರು ನಿಂತಿರುತ್ತಾರೆ. ನೀವು ಬಾಗಿಲು ಹಾಕಿಕೊಂಡು, ಹೆಸರು ಕೇಳದೆ ನೋಡುತ್ತೀರಿ. ಜನಕ್ಕೆ ಬೇಕಾಗಿರುವುದು ಆ ಮರ್ಯಾದೆ. ಅದನ್ನು ನಮ್ಮ ಆಸ್ಪತ್ರೆಗಳು ಕೊಡಲೇಬೇಕು. ಆದರೆ ಆ ಬಾಗಿಲ ಹಿಂದೆ ನಡೆಯುವ ಚಿಕಿತ್ಸೆಯನ್ನು ನಾನು ಒಪ್ಪಲಾರೆ.

ಮೊದಲನೆಯದಾಗಿ, ಜನನಾಂಗದಲ್ಲಿ ಬಂದಿರುವುದು ನರಹುಲಿಯೇ ಹೌದೋ ಅಲ್ಲವೋ ನೋಡಬೇಕು. ಶಿಶ್ನದ ತುದಿಯ ಅಂಚಿಗೆ ಸುತ್ತಲೂ ಸಾಲಾಗಿ, ಒಂದೇ ಗಾತ್ರದ ಸಣ್ಣ ಗುಳ್ಳೆಗಳು ಎಷ್ಟೋ ಗಂಡಸರಿಗೆ ಹರೆಯದಿಂದಲೇ ಇರುತ್ತವೆ. ಅದು ರೋಗವಲ್ಲ. ಯಾರಿಂದಲೂ ಬಂದದ್ದಲ್ಲ, ಯಾರಿಗೂ ಹರಡುವುದಿಲ್ಲ, ಔಷಧಿಯೂ ಬೇಡ. ನರಹುಲಿ ಹಾಗೆ ಸಾಲು ಹಿಡಿಯುವುದಿಲ್ಲ. ಅಲ್ಲೊಂದು ಇಲ್ಲೊಂದು ಒರಟಾಗಿ ಎದ್ದು, ಕೆಲವೊಮ್ಮೆ ಗುಂಪುಗೂಡಿ ಹೂಕೋಸಿನಂತೆ ಬೆಳೆಯುತ್ತದೆ. ಇನ್ನು ಸಿಫಿಲಿಸ್‌ನ ಎರಡನೇ ಹಂತದಲ್ಲಿಯೂ ಅದೇ ಜಾಗದಲ್ಲಿ ಚಪ್ಪಟೆಯಾದ, ತೇವದ ಗಂಟುಗಳು ಏಳುತ್ತವೆ. ಅದಕ್ಕೆ ಬೇಕಾದದ್ದು ಪೆನಿಸಿಲಿನ್ ಇಂಜೆಕ್ಷನ್. ಮೇಲಿನ ಗಂಟನ್ನು ಸುಟ್ಟು ಕಳಿಸಿದರೆ ರೋಗ ಒಳಗೇ ಉಳಿಯುತ್ತದೆ, ವರ್ಷಗಳ ಮೇಲೆ ಹೃದಯಕ್ಕೆ, ಮಿದುಳಿಗೆ ಹೋಗಬಹುದು. ಗರ್ಭಿಣಿ ಹೆಂಡತಿಗೆ ತಗುಲಿದರೆ ಹೊಟ್ಟೆಯಲ್ಲಿರುವ ಮಗುವಿಗೂ ಅಪಾಯ. ಆಸ್ಪತ್ರೆಯಲ್ಲಿ ಸಿಫಿಲಿಸ್ ಪತ್ತೆಗೆ ವಿಡಿಆರ್‌ಎಲ್, ಜೊತೆಗೆ ಎಚ್‌ಐವಿ ರಕ್ತಪರೀಕ್ಷೆ ಬರೆದುಕೊಡುವುದು ಇದಕ್ಕಾಗಿ. ಲಾಡ್ಜಿನ ರೂಮಿನಲ್ಲಿ ಈ ಪರೀಕ್ಷೆ ಯಾರು ಮಾಡುತ್ತಾರೆ?

ನರಹುಲಿಯೇ ಆಗಿದ್ದರೆ, ಅದಕ್ಕೆ ಕಾರಣ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ. ಇದರಲ್ಲಿ ನೂರಕ್ಕೂ ಹೆಚ್ಚು ಬಗೆಗಳಿವೆ. ಜನನಾಂಗದ ನರಹುಲಿಗಳಲ್ಲಿ ಸುಮಾರು ಶೇ. 90ಕ್ಕೆ 6 ಮತ್ತು 11ನೇ ಬಗೆಗಳು ಕಾರಣ. ಗರ್ಭಕಂಠದ ಕ್ಯಾನ್ಸರ್‌ಗೆ ಮುಖ್ಯವಾಗಿ ಕಾರಣವಾಗುವ 16 ಮತ್ತು 18ನೇ ಬಗೆಗಳೇ ಬೇರೆ. ‘ಬಿಟ್ಟರೆ ಕ್ಯಾನ್ಸರ್ ಆಗುತ್ತದೆ’ ಎಂದು ಹೆದರಿಸಿ ಹಣ ಕೇಳುವುದು ಅನ್ಯಾಯ. ಹಾಗಂತ ಹೆಂಗಸರು ಗರ್ಭಕಂಠದ ತಪಾಸಣೆ ಬಿಡುವ ಹಾಗಿಲ್ಲ. ನರಹುಲಿ ಇರಲಿ, ಇಲ್ಲದಿರಲಿ, ಮೂವತ್ತು ದಾಟಿದ ಮೇಲೆ ಅದು ಆಗಲೇಬೇಕು.

ಈಗ ಗ್ಯಾರಂಟಿಯ ಮಾತು. ಗಂಟನ್ನು ತೆಗೆಯಬಹುದು. ವೈರಸ್ಸನ್ನು ಮೈಯಿಂದ ಹೊರಹಾಕುವ ಔಷಧಿ ಯಾರ ಬಳಿಯೂ ಇಲ್ಲ. ಅದನ್ನು ಹತ್ತಿಕ್ಕುವುದು ದೇಹದ ರೋಗನಿರೋಧಕ ಶಕ್ತಿ. ಅದಕ್ಕೇ ಕೆಲವರಿಗೆ ಚಿಕಿತ್ಸೆ ಇಲ್ಲದೆಯೂ ಹೋಗುತ್ತದೆ, ಕೆಲವರಿಗೆ ತೆಗೆಸಿದ ಮೂರು ತಿಂಗಳೊಳಗೆ ಮತ್ತೆ ಬರುತ್ತದೆ. ಮತ್ತೆ ಬಂದರೆ ಮತ್ತೆ ಚಿಕಿತ್ಸೆ, ಅಷ್ಟೇ. ಚರ್ಮರೋಗ ತಜ್ಞರು ಹತ್ತಿ ಸುತ್ತಿದ ಕಡ್ಡಿಯನ್ನು ದ್ರವ ಸಾರಜನಕದಲ್ಲಿ ಅದ್ದಿ ಗಂಟಿನ ಮೇಲೆ ಒತ್ತುತ್ತಾರೆ. ಚರ್ಮ ಬೆಳ್ಳಗಾಗುತ್ತದೆ, ಚುರುಕ್ ಎನ್ನುತ್ತದೆ, ಆಮೇಲೆ ಬೊಬ್ಬೆ ಎದ್ದು ಉದುರುತ್ತದೆ. ಟ್ರೈಕ್ಲೋರೋ ಅಸಿಟಿಕ್ ಆಸಿಡ್ ಹಚ್ಚುವುದುಂಟು, ಅರಿವಳಿಕೆ ಕೊಟ್ಟು ವಿದ್ಯುತ್ತಿನಿಂದ ಸುಡುವುದುಂಟು. ಮನೆಯಲ್ಲೇ ಹಚ್ಚಿಕೊಳ್ಳಲು ಇಮಿಕ್ವಿಮೋಡ್ ಮುಲಾಮು ಇದೆ: ವಾರಕ್ಕೆ ಮೂರು ರಾತ್ರಿ ಮಲಗುವಾಗ ಹಚ್ಚಿ, ಬೆಳಿಗ್ಗೆ ಸೋಪು ಹಾಕಿ ತೊಳೆಯಬೇಕು, ಹೆಚ್ಚೆಂದರೆ 16 ವಾರ. ಪೊಡೊಫಿಲೊಟಾಕ್ಸಿನ್ ಕೂಡ ಇದೆ, ಆದರೆ ಗರ್ಭಿಣಿಯರಿಗೆ ಕೂಡದು. ಯಾವುದು ಯಾರಿಗೆ ಎಂಬುದನ್ನು ಜಾಗ, ಗಾತ್ರ, ಸಂಖ್ಯೆ ನೋಡಿ ಡಾಕ್ಟರು ಹೇಳುತ್ತಾರೆ. ನಿಮ್ಮಂಥವರು ಮಾಡುವಂತೆ ಸುಣ್ಣ–ಸೋಡಾ ಕಲಸಿ ಆ ನಾಜೂಕು ಚರ್ಮಕ್ಕೆ ಮೆತ್ತಿದರೆ ಗಂಟಿನ ಜೊತೆ ಸುತ್ತಲಿನ ಒಳ್ಳೆಯ ಚರ್ಮವೂ ಸುಟ್ಟುಹೋಗುತ್ತದೆ. ಕಲೆ ಜನ್ಮಪೂರ್ತಿ ಉಳಿಯುತ್ತದೆ.

‘ಯಾರ ಸಹವಾಸ ಮಾಡಿದೆ?’ ಎಂಬ ಪ್ರಶ್ನೆಯಿಂದ ಎಷ್ಟು ಮನೆ ಒಡೆದಿರಬಹುದು! ವೈರಸ್ ಹೊಕ್ಕ ಮೇಲೆ ಗಂಟು ಕಾಣಲು ವಾರಗಳು, ತಿಂಗಳುಗಳು, ಕೆಲವರಲ್ಲಿ ವರ್ಷಗಳೇ ಹಿಡಿಯುತ್ತವೆ. ಸೋಂಕು ತಗುಲಿದ ಬಹಳಷ್ಟು ಜನರಿಗೆ ಗಂಟು ಏಳುವುದೇ ಇಲ್ಲ. ಹಾಗಾಗಿ ಯಾರಿಂದ, ಯಾವಾಗ ಬಂತು ಎಂದು ಯಾವ ಡಾಕ್ಟರೂ ಹೇಳಲಾರರು. ಇವತ್ತು ಕಾಣಿಸಿಕೊಂಡ ನರಹುಲಿ ಇವತ್ತಿನ ದ್ರೋಹಕ್ಕೆ ಸಾಕ್ಷಿಯಲ್ಲ. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಹೋಗಿ ತೋರಿಸಿಕೊಳ್ಳುವುದು ಸರಿಯಾದ ದಾರಿ.

ನಿಮ್ಮ ಪೋಸ್ಟರಿನಲ್ಲಿ ಎಂದೂ ಕಾಣದ ಸಂಗತಿ, ನರಹುಲಿ ಬಾರದಂತೆ ತಡೆಯಬಹುದು ಎಂಬುದು. ಕಾಂಡೋಮ್ ಅಪಾಯವನ್ನು ಕಡಿಮೆ ಮಾಡುತ್ತದೆ. ಆದರೆ ಅದು ಮುಚ್ಚದ ಚರ್ಮದಿಂದಲೂ ವೈರಸ್ ದಾಟುವುದರಿಂದ ಪೂರ್ತಿ ತಡೆಯದು. ಗಟ್ಟಿ ರಕ್ಷಣೆ ಲಸಿಕೆಯದು. ಆಸ್ಟ್ರೇಲಿಯಾ 2007ರಲ್ಲಿ ಶಾಲೆಯ ಹುಡುಗಿಯರಿಗೆ 6, 11, 16, 18 ನಾಲ್ಕನ್ನೂ ತಡೆಯುವ ಲಸಿಕೆ ಹಾಕತೊಡಗಿತು. ಲೈಂಗಿಕ ಆರೋಗ್ಯ ಕ್ಲಿನಿಕ್‌ಗಳಿಗೆ ಬಂದ 21 ವರ್ಷದೊಳಗಿನ ಹೆಣ್ಣುಮಕ್ಕಳಲ್ಲಿ ಆ ವರ್ಷ ನೂರಕ್ಕೆ ಹನ್ನೊಂದಕ್ಕೂ ಹೆಚ್ಚು ಮಂದಿಗೆ ನರಹುಲಿ ಇತ್ತು. 2011ರ ಹೊತ್ತಿಗೆ ಅದು ನೂರಕ್ಕೆ ಒಬ್ಬರಿಗಿಂತ ಕಡಿಮೆಯಾಯಿತು. ಲಸಿಕೆಯೇ ಹಾಕಿಸಿಕೊಳ್ಳದ ಅದೇ ವಯಸ್ಸಿನ ಹುಡುಗರಲ್ಲೂ ಇಳಿಯಿತು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನ ಸರ್ವಾವ್ಯಾಕ್ ಲಸಿಕೆ ಕೂಡ ಈ ನಾಲ್ಕಕ್ಕೂ ತಡೆ, 2023ರಿಂದ ಇಲ್ಲೇ ಸಿಗುತ್ತಿದೆ. 9ರಿಂದ 26 ವರ್ಷದ ಹುಡುಗಿಯರಿಗೂ ಹುಡುಗರಿಗೂ ಹಾಕಿಸಬಹುದು. ಈಗಾಗಲೇ ಇರುವ ಗಂಟನ್ನು ಲಸಿಕೆ ಕರಗಿಸುವುದಿಲ್ಲ. ಆದ್ದರಿಂದ ಮಕ್ಕಳು ದೊಡ್ಡವರಾಗುವ ಮೊದಲೇ ಹಾಕಿಸಬೇಕು.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರ ಕಾಯ್ದೆಯ ಪ್ರಕಾರ ಲೈಂಗಿಕ ರೋಗ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದೇ ಅಪರಾಧ. ಮೊದಲ ಸಲವೇ ಆರು ತಿಂಗಳವರೆಗೆ ಜೈಲಾಗಬಹುದು. ಆದರೆ ಒಬ್ಬರನ್ನು ಜೈಲಿಗೆ ಕಳಿಸಿದರೆ ಆ ಗೋಡೆಗೆ ನಾಳೆ ಇನ್ನೊಬ್ಬರ ಕಾಗದ ಬರುತ್ತದೆ. ಕಾಯಿಲೆಯ ಬಗ್ಗೆ ಮನೆಯಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯ ಕೌಂಟರಿನಲ್ಲಿ ನಾಚಿಕೆ ಬಿಟ್ಟು ಮಾತಾಡುವ ತನಕ ಈ ವ್ಯಾಪಾರ ನಿಲ್ಲದು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ನಿಮ್ಮನ್ನು ನಂಬಿ ಬಂದವರಿಗೆ ಔಷಧಿ ಕೊಡಬೇಡಿ, ದಾರಿ ಹೇಳಿ. ಜಿಲ್ಲಾಸ್ಪತ್ರೆಯಲ್ಲಿ ಲೈಂಗಿಕ ಸೋಂಕುಗಳಿಗೆಂದೇ ಸುರಕ್ಷಾ ಕ್ಲಿನಿಕ್ ಇದೆ. ತಪಾಸಣೆ, ಸಲಹೆ ಎರಡೂ ಉಚಿತ, ಹೇಳಿದ್ದು ಗುಟ್ಟಾಗಿಯೇ ಇರುತ್ತದೆ. ಹೋಗಲು ಹಿಂಜರಿಕೆಯಾದರೆ ಮೊದಲು 1097 ಸಹಾಯವಾಣಿಗೆ ಫೋನ್ ಮಾಡಿ ಕೇಳಬಹುದು, ಅದಕ್ಕೂ ದುಡ್ಡಿಲ್ಲ. ಈ ಪತ್ರವನ್ನು ಮೈಯಲ್ಲಿ ಗಂಟಿಟ್ಟುಕೊಂಡು ಓದುತ್ತಿರುವವರಿಗೂ ಅದನ್ನೇ ಹೇಳುತ್ತೇನೆ: ನಿಮಗೆ ಬಂದಿರುವುದು ನರಹುಲಿಯಾದರೆ ಅದು ಒಂದು ಸಾಮಾನ್ಯ ಸೋಂಕು, ಚರ್ಮರೋಗದ ಡಾಕ್ಟರು ದಿನವೂ ನೋಡುವಂಥದ್ದು. ಈ ವಾರವೇ ಹೋಗಿ ತೋರಿಸಿ.

ಇಂತಿ,
ಒಬ್ಬ ಆರೋಗ್ಯ ಬರಹಗಾರ